ತುಕ್ಕು ಹಿಡಿದ ಇಪ್ಪತ್ತಾರು ಪಿಂಗಾಣಿಗಳು

ಭಾನುವಾರ, ಬೆಳಿಗ್ಗೆ ಆರು ಗಂಟೆ. ಮಿರಗದ ಮಳೆಗೆ, ಅಂದರೆ ಮಳೆಗಾಲದ ಮೊದಲ ಮಳೆಗೆ, ಇನ್ನೂ ಎರಡು ವಾರವಿತ್ತು. ದೇವದುರ್ಗದ ಅಂಚಿನಲ್ಲಿದ್ದ ನಮ್ಮ ಕೇರಿಯ ಕೊನೆಯ ಮನೆಯ ಅಂಗಳದಲ್ಲಿ ಹಾಜರಿದ್ದವರು ನಾಲ್ವರು: ಅಪ್ಪ, ಅವ್ವ, ಹದಿನೈದು ವರ್ಷದ ಅಕ್ಕ ಮತ್ತು ಆಗಷ್ಟೇ ನಾಲ್ಕನೇ ತರಗತಿ ಮುಗಿಸಿದ್ದ ನಾನು. ಮಕ್ಕಳೇ, ಇದು ಎಪ್ಪತ್ತರ ದಶಕದ ಮಾತು. ನಾನು ನಿಮ್ಮಷ್ಟೇ ಎತ್ತರವಿದ್ದೆ. ಆ ಒಂದು ದಿನವನ್ನು ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದರ ನಂತರ ಒಂದರಂತೆ ಹೇಳುತ್ತೇನೆ. ನಡುವೆ ಎದ್ದು ಹೋಗಬೇಡಿ.

ಅಂಗಳದ ನಡುವೆ ದೊಡ್ಡ ಮಣ್ಣಿನ ಬಾನಿಯಿತ್ತು. ಅದರ ತುಂಬ ಹುಣಸೆಹಣ್ಣು ಕಿವುಚಿದ ನೀರು, ನೀರಿನೊಳಗೆ ಇಪ್ಪತ್ತಾರು ಪಿಂಗಾಣಿಗಳು. ವಿದ್ಯುತ್ ಕಂಬದ ತುದಿಯಲ್ಲಿ ತಂತಿಯ ಕೆಳಗೆ ಬೋರಲು ಹಾಕಿದ ಕಪ್ಪಿನಂಥದ್ದು ಕಾಣುತ್ತದಲ್ಲ, ಅದೇ. ತಂತಿಯಲ್ಲಿ ಹರಿಯುವ ಕರೆಂಟು ಕಬ್ಬಿಣದ ಕಂಬಕ್ಕೆ ಇಳಿಯದಂತೆ ತಡೆಯುವುದು ಅದರ ಕೆಲಸ. ಅದರ ಹೊಟ್ಟೆಯೊಳಗೆ ಕಬ್ಬಿಣದ ಮೊಳೆ ಕೂರುತ್ತದೆ. ವರ್ಷಗಟ್ಟಲೆ ಮಳೆಗೆ ನೆನೆದು ಆ ಮೊಳೆ ತುಕ್ಕು ಹಿಡಿದರೆ, ತುಕ್ಕು ಪಿಂಗಾಣಿಯ ಮೇಲೆಲ್ಲ ಹರಿದು, ಬಿಳಿಯ ಮೈ ಮೇಲೆ ಕಂದು ಬಣ್ಣದ ಹೊಳೆಗಳು ಮೂಡುತ್ತವೆ. ತುಕ್ಕಿಗೆ ನಮ್ಮ ಕಡೆ ಜಂಗು ಎನ್ನುತ್ತಾರೆ.

ಈ ಪಿಂಗಾಣಿಗಳು ಮಾನ್ವಿ ಕಡೆಯ ಹಳೆಯ ಲೈನನ್ನು ಬಿಚ್ಚಿದಾಗ ಸಿಕ್ಕವು. ರಾಯಚೂರಿನ ಉಗ್ರಾಣದಲ್ಲಿ ಬಿದ್ದಿದ್ದು, ಗೋಣಿಚೀಲದಲ್ಲಿ ತುಂಬಿಸಿಕೊಂಡು ಬಸ್ಸಿನ ನೆತ್ತಿಯ ಮೇಲೆ ನಮ್ಮೂರಿಗೆ ಬಂದಿದ್ದವು. ಅಪ್ಪ ಲೈಟಿನ ಆಫೀಸಿನಲ್ಲಿ ಲೈನ್‌ಮನ್ನರ ಕೈಕೆಳಗೆ ಕಂಬ ಹತ್ತುವ ಕೆಲಸ ಮಾಡುತ್ತಿದ್ದ. ಬಜಾರಿಗೆ ಕರೆಂಟು ಬಂದು ಬಹಳ ವರ್ಷವಾಗಿತ್ತು. ನಮ್ಮ ಕೇರಿಗೆ ಎಂಟು ಕಂಬಗಳನ್ನು ಮಾತ್ರ ನೆಟ್ಟು ಬಿಟ್ಟಿದ್ದರು. ತಂತಿಯಿಲ್ಲದ ಆ ಕಂಬಗಳನ್ನು ಹಿಡಿದು ಮಕ್ಕಳೆಲ್ಲ ಗಿರಗಿರ ತಿರುಗುತ್ತಿದ್ದೆವು. ಅಪ್ಪ ಕೇಳಿದಾಗಲೆಲ್ಲ ಆಫೀಸಿನ ಸಾಹೇಬರದು ಒಂದೇ ಉತ್ತರ: ಪಿಂಗಾಣಿ ಇಲ್ಲ. ಕೊನೆಗೆ ಹಳೆಯವು ಬಂದವು. "ಹಳೇವು ಹಾಕ್ತೀನಂದ್ರ ತೊಳಕೊಂಡು ಬಾ. ಒಂದ ಜಂಗಿನ ಕಲಿ ಕಂಡ್ರೂ ನಾ ತಗೊಳ್ಳಂಗಿಲ್ಲ. ಭಾನುವಾರ ಸಂಜಿ ಐದಕ್ಕ ತರಬೇಕು. ಸೋಮವಾರ ತಂತಿ ಎಳಿಯೋ ಮಂದಿ ಬರ್ತಾರ. ಮಂಗಳವಾರ ಅವರು ಜಾಲಹಳ್ಳಿಗೆ ಹೋದ್ರಂದ್ರ ದಸರಾ ತನಕ ಈ ಕಡಿ ತಿರಗಿ ನೋಡಂಗಿಲ್ಲ" ಎಂದು ಸಾಹೇಬರು ಹೇಳಿದ್ದರು.

ದಸರಾ ಅಂದರೆ ಇಡೀ ಮಳೆಗಾಲ ಕತ್ತಲೆ. ಅದಕ್ಕೇ ಅವ್ವ ಹಿಂದಿನ ರಾತ್ರಿ ನಿದ್ದೆ ಮಾಡಿರಲಿಲ್ಲ.

ನನಗೊಬ್ಬ ತಮ್ಮನಿದ್ದ. ನಮ್ಮ ಮನೆಯಿಂದ ಇಪ್ಪತ್ತು ಹೆಜ್ಜೆ ಆಚೆ, ಓಣಿ ತಿರುಗುವಲ್ಲಿ ಒಂದು ಬಾವಿಯಿತ್ತು. ಹಿಂದಿನ ಮಳೆಗಾಲದಲ್ಲಿ ಅಲ್ಲಿ ಕಟ್ಟಿದ್ದ ಆಡಿನ ಮರಿಯನ್ನು ಬಿಚ್ಚಿಕೊಂಡು ಬರಲು ಮಬ್ಬುಗತ್ತಲಲ್ಲಿ ಹೋದವನಿಗೆ ಹಾವು ಕಚ್ಚಿತು. ಯಾವ ಹಾವು ಎಂಬುದನ್ನೂ ನಾವು ಕಾಣಲಿಲ್ಲ, ಅಷ್ಟು ಕತ್ತಲೆ. ಅವನಿಗೆ ಐದು ವರ್ಷ. ಅದಾದ ಮೇಲೆ ಅವ್ವ ಅಪ್ಪನನ್ನು ಸೀರೆ ಕೇಳಲಿಲ್ಲ, ಬಳೆ ಕೇಳಲಿಲ್ಲ. "ಬಾವಿ ಮೂಲ್ಯಾಗ ಒಂದು ದೀಪ ಹಚ್ಚಸ್ರಿ" ಎಂದಷ್ಟೇ ಕೇಳಿದಳು. ಎಂಟು ಕಂಬಗಳಲ್ಲಿ ಏಳನೆಯದು ಬಾವಿಯ ಮೂಲೆಯಲ್ಲಿತ್ತು, ಎಂಟನೆಯದು ನಮ್ಮ ಬಾಗಿಲಿನ ಮುಂದೆ. ಒಂದು ಕಂಬಕ್ಕೆ ಮೂರು ಪಿಂಗಾಣಿ. ಒಟ್ಟು ಇಪ್ಪತ್ತನಾಲ್ಕು ಬೇಕು. ಚೀಲದಲ್ಲಿ ಎರಡು ಹೆಚ್ಚಿಗೆ ಇದ್ದವು.

ಅಪ್ಪನ ಕೆಲಸಕ್ಕೆ ಒಂದು ಕ್ರಮವಿತ್ತು. ರಾತ್ರಿಯಿಡೀ ಹುಣಸೆ ನೀರಿನಲ್ಲಿ ನೆನೆದ ಪಿಂಗಾಣಿಯನ್ನು ಬೆಳಿಗ್ಗೆ ಎತ್ತಿ, ಒದ್ದೆಯಿದ್ದಾಗಲೇ ತೆಂಗಿನ ನಾರಿನಿಂದ ಉಜ್ಜಬೇಕು. ನಾರಿಗೆ ಬಟ್ಟೆಯಲ್ಲಿ ಸೋಸಿದ ಬೂದಿ ಮಾತ್ರ. ಇಟ್ಟಿಗೆ ಪುಡಿ ಬೇಡ, ಮರಳು ಬೇಡ, ಅವು ಹೊಳಪನ್ನು ಗೀರುತ್ತವೆ. ಆಮೇಲೂ ಉಳಿದ ಕಲೆಗೆ ನಿಂಬೆಹೋಳಿನಲ್ಲಿ ಉಪ್ಪು ಅದ್ದಿ ತಿಕ್ಕಿ, ಒದ್ದೆ ಬಟ್ಟೆ ಸುತ್ತಿ ಬಿಸಿಲಿಗಿಡಬೇಕು. ಒಂದು ತಾಸಿನ ನಂತರ ಬಿಚ್ಚಿ ತೊಳೆಯಬೇಕು. ನಾನು ಕುಡುಗೋಲಿನ ತುದಿಯಿಂದ ಒಂದು ಕಲೆಯನ್ನು ಕೆರೆಯಲು ಹೋದಾಗ ಅಪ್ಪ ಕೈ ಹಿಡಿದ.

"ಜಂಗು ಬಂದಿದ್ದ ಕಬ್ಬಿಣದಿಂದ. ಮತ್ತ ಕಬ್ಬಿಣಾನ ತಂದು ಕೆರೀತೀ ಏನವ್ವಾ? ಬಿಡು. ಹುಳಿಗೆ ಹೊತ್ತು ಕೊಡು, ತಾನ ಬಿಡತದ."

ಹಾಗೆಯೇ ಆಯಿತು. ನಾರು ಆಡಿದಂತೆ ಕಂದು ನೀರು ಮೊಣಕೈಯವರೆಗೆ ಇಳಿಯುತ್ತಿತ್ತು, ಕೆಳಗಿನಿಂದ ಹಾಲಿನಂಥ ಬಿಳಿ ಮೇಲೇಳುತ್ತಿತ್ತು. ಅಂಗಳದಲ್ಲಿ ಹುಣಸೆಯ ಹುಳಿ ವಾಸನೆ, ಒದ್ದೆ ಗೋಣಿಯ ವಾಸನೆ. ಉಪ್ಪು ಮತ್ತು ನಿಂಬೆ ಬೆರಳಿನ ಗಾಯಗಳಿಗೆ ಹೊಕ್ಕು ಚುರುಗುಟ್ಟುತ್ತಿದ್ದವು. ಅಪ್ಪನ ಪಾಲಿಗೆ ಒಂಬತ್ತು, ಅಕ್ಕನ ಪಾಲಿಗೆ ಒಂಬತ್ತು, ನನ್ನ ಪಾಲಿಗೆ ಎಂಟು. ಅವ್ವ ಬಾವಿಯಿಂದ ನೀರು ಹೊತ್ತು ಹಾಕುತ್ತಿದ್ದಳು.

ಅಕ್ಕನ ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. "ಲೇ, ಅದಕ್ಕ ಜೋಗುಳ ಹಾಡಾಕತ್ತೀಯೇನು? ಸ್ವಲ್ಪ ಜೋರು ತಿಕ್ಕು" ಎಂದಳು.

"ನಂದು ಭಾಳ ಹೊಲಸ ಅದಾವ."

"ಹೌದೌದು, ನಿನ್ನ ಮಾರಿ ನೋಡಿ ಅವೂ ಹೊಲಸಾಗ್ಯಾವ."

ಅವ್ವ ಕೊಡ ಇಳಿಸುತ್ತ ನಕ್ಕಳು. ಬಹಳ ದಿನದ ಮೇಲೆ ಅವ್ವ ನಕ್ಕದ್ದು. ಅಕ್ಕ ನನ್ನತ್ತ ನೋಡಿ ಹುಬ್ಬು ಹಾರಿಸಿದಳು.

ಹತ್ತು ಗಂಟೆಗೆ ಅಪ್ಪ ತನ್ನ ಒಂಬತ್ತನ್ನು ಮುಗಿಸಿ, ಕಂಬಗಳ ಬೋಲ್ಟು ಬಿಗಿ ಮಾಡಲು ಹೋದ. ಹನ್ನೊಂದಕ್ಕೆ ಅಕ್ಕನದೂ ಮುಗಿಯಿತು. ನನ್ನವು ಆರು ಬೆಳ್ಳಗಾಗಿದ್ದವು, ಎರಡು ಮಾತ್ರ ಹಟ ಹಿಡಿದವು. ಅವುಗಳ ಮೈ ಶುಭ್ರವಾಗಿತ್ತು. ಆದರೆ ಒಂದೊಂದರಲ್ಲೂ ಕೂದಲೆಳೆಯಷ್ಟು ತೆಳುವಾದ ಕಂದು ಗೆರೆ. ನಿಂಬೆ ಹಚ್ಚಿದೆ, ಬಿಸಿಲಿಗಿಟ್ಟೆ, ತೊಳೆದೆ. ಗೆರೆ ಇದ್ದಲ್ಲೇ ಇತ್ತು. ಮತ್ತೊಮ್ಮೆ ಹಚ್ಚಿದೆ. ಇದ್ದಲ್ಲೇ ಇತ್ತು.

ಅಕ್ಕ ಸೋಸಿದ ಬೂದಿಯ ಬಟ್ಟೆ ಕೊಡವುತ್ತ, "ನಿನ್ನ ಎರಡರ ಸಲುವಾಗಿ ಸಾಹೇಬ್ರು ಎಲ್ಲಾ ವಾಪಸ್ ಕಳಸ್ತಾರ ನೋಡು" ಎಂದು ಹೇಳಿ ಒಳಗೆ ಹೋದಳು. ಅವಳು ತಮಾಷೆಗೆ ಅಂದಿದ್ದಳು. ನನಗದು ತಮಾಷೆ ಅನ್ನಿಸಲಿಲ್ಲ. ಬಾವಿಯ ಮೂಲೆಯಲ್ಲಿ ದೀಪ ಬರುವುದಿಲ್ಲ, ಅದಕ್ಕೆ ನಾನೇ ಕಾರಣ ಎಂದು ಅವ್ವ ದಿನಾ ನನ್ನ ಮುಖ ನೋಡುತ್ತಾಳೆ ಎಂದು ಹೆದರಿದೆ.

ಅವ್ವನ ಎಲೆಅಡಿಕೆಯ ಸಂಚಿ ಗೋಡೆಯ ಗೂಟಕ್ಕೆ ನೇತಾಡುತ್ತಿತ್ತು. ಅದರಲ್ಲಿ ಸುಣ್ಣದ ಡಬ್ಬಿ. ಬೆರಳ ತುದಿಯಲ್ಲಿ ಸುಣ್ಣ ತೆಗೆದು ಎರಡೂ ಗೆರೆಗಳಲ್ಲಿ ಒತ್ತಿ ತುಂಬಿದೆ. ಲಂಗದ ಅಂಚಿನಿಂದ ಒರೆಸಿದೆ. ಗೆರೆ ಮಾಯವಾಯಿತು. ಬಿಳಿಯಲ್ಲಿ ಬಿಳಿ ಬೆರೆತು ಹೋಗಿತ್ತು. ಎರಡನ್ನೂ ಒಯ್ದು ಮುಗಿದವುಗಳ ಸಾಲಿನ ನಡುವೆ ಇಟ್ಟೆ. ನನ್ನ ಎಣಿಕೆಯಲ್ಲಿ ಅದು ಮೋಸ ಆಗಿರಲಿಲ್ಲ. ಕಲೆ ಹೋಗಬೇಕಿತ್ತು, ಕಲೆ ಹೋಗಿತ್ತು.

ಒಂದು ಗಂಟೆಗೆ ಅಪ್ಪ ಬಂದು ರೊಟ್ಟಿ ಉಂಡ. ಆಮೇಲೆ ಸಾಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದೊಂದನ್ನೇ ಎತ್ತಿ ಬಿಸಿಲಿಗೆ ಹಿಡಿದು ತಿರುಗಿಸಿ ನೋಡತೊಡಗಿದ. ತನ್ನ ಪಾಲಿನ ಒಂದನ್ನು ಬದಿಗಿಟ್ಟ. ಅಕ್ಕನ ಪಾಲಿನ ಒಂದನ್ನು ಬದಿಗಿಟ್ಟ.

"ಯಪ್ಪಾ, ಅದು ಬೆಳ್ಳಗ ಅದಲ್ಲ?" ಎಂದು ಅಕ್ಕ ಕೇಳಿದಳು.

"ಬೆಳ್ಳಗೇನೋ ಅದ. ಇಲ್ಲಿ ನೋಡು, ಕೂದಲದಂಥ ಗೆರಿ. ಇದು ಕಲಿ ಅಲ್ಲವ್ವಾ, ಬಿರುಕು. ಕಲಿ ಮ್ಯಾಲಿಂದ ಬರತದ, ತೊಳದ್ರ ಹೋಗತದ. ಇದು ಒಳಗಿಂದ ಬಂದದ್ದು. ಮೊಳಿ ಜಂಗು ಹಿಡಿದು ಉಬ್ಬಿ ಪಿಂಗಾಣಿ ಸೀಳ್ಯಾದ. ಎಷ್ಟು ತಿಕ್ಕಿದ್ರೂ ಹೋಗಂಗಿಲ್ಲ."

"ಒಂದು ಕೂದಲದಷ್ಟು ಇದ್ರ ಏನಾಗತದ?"

"ಮಳಿ ಬಂದಾಗ ನೀರು ಆ ಸೀಳಿನ್ಯಾಗ ಇಳೀತದ. ನೀರಿನ ಬೆನ್ನು ಹತ್ತಿ ಕರೆಂಟು ಕಂಬಕ್ಕ ಇಳೀತದ. ಕಂಬಕ್ಕ ಯಾರರ ಎಮ್ಮಿ ಕಟ್ಟಿರ್ತಾರ. ಯಾವದರ ಕೂಸು ಕಂಬ ಹಿಡಿದು ಗಿರಗಿರ ತಿರಗತಿರತದ." ಅಪ್ಪ ಮುಂದಿನ ಪಿಂಗಾಣಿ ಎತ್ತಿಕೊಂಡ.

ಉಳಿದವುಗಳನ್ನು ನೋಡಿ ಮುಗಿಸಿದ. ನನ್ನ ಎರಡು ಅವನ ಕಣ್ಣಿನ ಮುಂದೆಯೇ ದಾಟಿ ಹೋದವು. ಯಾವಾಗ ದಾಟಿದವೆಂದು ನನಗೂ ಗೊತ್ತಾಗಲಿಲ್ಲ. "ಎರಡು ಹ್ವಾದ್ವು. ಇಪ್ಪತ್ತನಾಕು ಉಳದ್ವು. ನಮಗ ಬೇಕಾದಷ್ಟ ಅದಾವ" ಎಂದ ಅಪ್ಪ.

ಅವ್ವ ಹೊಸ್ತಿಲ ಮೇಲೆ ನಿಂತಿದ್ದಳು. ಬೆರಳು ಮಡಚಿ ಎಂಟು ಮೂರಲೆ ಎಂದು ತಾನೂ ಎಣಿಸಿದಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಬೆಲ್ಲದ ಚಾ ಮಾಡ್ತೀನಿ, ಕುಡದು ಹೋಗ್ರಿ" ಎಂದು ಒಳಗೆ ಹೋದಳು.

ಆ ಚಹಾದ ರುಚಿ ನನಗೆ ನೆನಪಿಲ್ಲ. ನನ್ನ ಕೈಯಲ್ಲಿ ಬಸಿ ಇತ್ತು, ಚಹಾ ಆರಿತು. ಅಪ್ಪ ಗೋಣಿಚೀಲಕ್ಕೆ ಒಣಹುಲ್ಲು ಹಾಸಿ ಪಿಂಗಾಣಿಗಳನ್ನು ಜೋಡಿಸತೊಡಗಿದ. ಒಂದು, ಎರಡು, ಮೂರು. ಹೇಳಿದರೆ ದೀಪ ಹೋಗುತ್ತದೆ. ಅವ್ವ ಈಗಷ್ಟೇ ಕಣ್ಣೊರೆಸಿಕೊಂಡಿದ್ದಾಳೆ. ಹೇಳದಿದ್ದರೆ ಆ ಎರಡು ಯಾವುದೋ ಕಂಬ ಹತ್ತುತ್ತವೆ. ಯಾವ ಕಂಬ? ಕೇರಿಯ ಮಕ್ಕಳೆಲ್ಲ ತಿರುಗುವುದು ಬಾವಿಯ ಮೂಲೆಯ ಕಂಬಕ್ಕೇ. ಇಪ್ಪತ್ತಮೂರು, ಇಪ್ಪತ್ತನಾಲ್ಕು. ಚೀಲದ ಬಾಯಿ ಕಟ್ಟಲು ಅಪ್ಪ ಹಗ್ಗ ಕೈಗೆತ್ತಿಕೊಂಡ.

"ಯಪ್ಪಾ, ಕಟ್ಟಬ್ಯಾಡ. ಅದರಾಗ ಇನ್ನೆರಡಕ್ಕ ಗೆರಿ ಅದ. ನಾ ಸುಣ್ಣ ತುಂಬೀನಿ."

ಅಕ್ಕ ಕೈ ಎತ್ತಿ ಮುಂದೆ ಬಂದಳು. ಅಪ್ಪ ಅವಳನ್ನು ತಡೆದ. ನನ್ನನ್ನು ಹೊಡೆಯಲಿಲ್ಲ, ಬೈಯಲಿಲ್ಲ. "ಯಾವ ಎರಡು?" ಎಂದ.

ನನಗೆ ಗೊತ್ತಿರಲಿಲ್ಲ. ಇಪ್ಪತ್ತನಾಲ್ಕನ್ನೂ ಮತ್ತೆ ಹೊರಗೆ ತೆಗೆದು ಹರಡಿದೆವು. ಎಲ್ಲವೂ ಒಂದೇ ಬಸಿರಿನಲ್ಲಿ ಹುಟ್ಟಿದವುಗಳಂತೆ ಬೆಳ್ಳಗಿದ್ದವು. ಅಪ್ಪ ಬಿಸಿಲಿಗೆ ಹಿಡಿದ, ಉಗುರಿನಿಂದ ಸವರಿದ. ಸುಣ್ಣ ಗಟ್ಟಿಯಾಗಿ ಕೂತಿತ್ತು. ಮತ್ತೆ ಹುಣಸೆ ನೀರಿಗೆ ಹಾಕಿದರೆ ಸುಣ್ಣ ಬಿಡುತ್ತದೆ, ಆದರೆ ಯಾವಾಗ ಬಿಡುತ್ತದೋ. ಮೂರು ಗಂಟೆ ದಾಟಿತ್ತು. ಐದಕ್ಕೆ ಸಾಹೇಬರ ಮುಂದಿರಬೇಕು.

"ಸರೀರಿ ಸ್ವಲ್ಪ" ಎಂದಳು ಅವ್ವ.

ಅವಳ ಕೈಯಲ್ಲಿ ಅಗಲವಾದ ಪರಾತವಿತ್ತು, ಅದರಲ್ಲಿ ಅರಿಶಿನ ಕದಡಿದ ನೀರು. ಕೂಸಿಗೆ ದೃಷ್ಟಿಯಾದಾಗ ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಬೆರೆಸಿ ಕೆಂಪಾಗಿಸಿ ನಿವಾಳಿಸುವುದು ನಮ್ಮ ಕಡೆಯ ಎಲ್ಲ ಅವ್ವಂದಿರಿಗೂ ಗೊತ್ತು. ಅವ್ವ ಹಳೆಯ ಬಟ್ಟೆಯ ಚಿಂದಿಯನ್ನು ಆ ನೀರಿನಲ್ಲಿ ಅದ್ದಿ, ಮೊದಲ ಪಿಂಗಾಣಿಗೆ ಬಳಿದು ಒರೆಸಿದಳು. ಏನೂ ಇಲ್ಲ. ಎರಡನೆಯದು, ಏನೂ ಇಲ್ಲ. ಅರಿಶಿನ ಆ ಹೊಳಪಿನ ಮೇಲೆ ನಿಲ್ಲದೆ ಜಾರಿ ಹೋಗುತ್ತಿತ್ತು. ಏಳನೆಯದಕ್ಕೆ ಬಳಿದಾಗ ಬಿಳಿಯ ಮೈ ಮೇಲೆ ಒಂದು ಗೆರೆ ನಿಧಾನವಾಗಿ ಕೆಂಪಗೆ ಎದ್ದಿತು. ಮುಳ್ಳು ಗೀರಿದ ಚರ್ಮದಲ್ಲಿ ರಕ್ತ ಮೂಡುತ್ತದಲ್ಲ, ಹಾಗೆ.

ಅವ್ವ ಅದನ್ನು ನನ್ನ ಮುಂದಿಟ್ಟಳು. ಹದಿನಾರನೆಯದರಲ್ಲಿ ಇನ್ನೊಂದು ಕೆಂಪು ಗೆರೆ ಎದ್ದಿತು. ಅದನ್ನೂ ನನ್ನ ಮುಂದಿಟ್ಟಳು.

"ಎರಡೂ ಸಿಕ್ವು. ಸಾಕು ಬಿಡವ್ವಾ" ಎಂದಳು ಅಕ್ಕ.

"ಶುರು ಮಾಡಿದ ಕೆಲಸ ನಡುವ ಬಿಡತಾರೇನು?" ಎಂದು ಅವ್ವ ಉಳಿದ ಎಂಟಕ್ಕೂ ಬಳಿಯುತ್ತ ಹೋದಳು. ಕೊನೆಯಿಂದ ಎರಡನೆಯದನ್ನು ಒರೆಸಿದವಳು ಮತ್ತೆ ಒರೆಸಿದಳು. ನೀರಿನಲ್ಲಿ ಅದ್ದಿ ಮತ್ತೆ ಒರೆಸಿದಳು. ಹಳದಿಯ ಒಂದು ಎಳೆ ಹೋಗಲಿಲ್ಲ. ಅದಕ್ಕೆ ಯಾರೂ ಸುಣ್ಣ ತುಂಬಿರಲಿಲ್ಲ. ತುಕ್ಕು ಹೊರಗಿನವರೆಗೆ ಇನ್ನೂ ಬಂದಿರದ ಹೊಸ ಬಿರುಕು ಅದು. ಅಪ್ಪನ ಕಣ್ಣಿಗೂ ಕಂಡಿರಲಿಲ್ಲ. ಅವನು ಅದನ್ನು ಕೈಗೆ ತೆಗೆದುಕೊಂಡು ಉಗುರಿನಿಂದ ಸವರಿ ನೋಡಿ ಬದಿಗಿಟ್ಟ.

ಇಪ್ಪತ್ತನಾಲ್ಕರಲ್ಲಿ ಮೂರು ಹೋದವು. ಇಪ್ಪತ್ತೊಂದು ಉಳಿದವು. ಏಳು ಕಂಬಕ್ಕೆ ಆಗುವಷ್ಟು.

"ಎಂಟನೇದು ನಮ್ಮನಿ ಕಂಬ" ಎಂದ ಅಪ್ಪ, ಅವ್ವನ ಕಡೆ ನೋಡದೆ. "ದಸರಾ ತನಕ ನಮಗ ಚಿಮಣಿ ದೀಪಾನ ಗತಿ."

ಅವ್ವ ಪರಾತದ ನೀರನ್ನು ಬೇಲಿಯ ಬುಡಕ್ಕೆ ಚೆಲ್ಲಿದಳು. "ಬಾವಿ ಮೂಲಿಗೆ ಬರತದಲ್ಲ, ಸಾಕು. ನನ್ನ ಒಂದು ಕೂಸು ಕತ್ತಲಿಗೆ ಹೋತು. ಯಾರದೂ ಬೆಳಕಿಗೆ ಹೋಗಬಾರದು" ಎಂದಳು. ಆಮೇಲೆ ಹಳದಿಯಾದ ತನ್ನ ಕೈಯಿಂದ ನನ್ನ ತಲೆಯನ್ನು ಒಮ್ಮೆ ಗಟ್ಟಿಯಾಗಿ ಒತ್ತಿ, ಒಳಗೆ ಹೋದಳು. ಅದು ಏಟೋ ಮುದ್ದೋ ಎಂದು ನನಗೆ ಇಂದಿಗೂ ತಿಳಿದಿಲ್ಲ.

ಐದಕ್ಕೆ ಐದು ನಿಮಿಷವಿದ್ದಾಗ ಅಪ್ಪ ಮತ್ತು ನಾನು ಲೈಟಿನ ಆಫೀಸಿನಲ್ಲಿದ್ದೆವು. ಸಾಹೇಬರು ಮೇಜಿನ ಮೇಲೆ ಪಿಂಗಾಣಿಗಳನ್ನು ಹರವಿಸಿ ಎಣಿಸಿದರು.

"ಇಪ್ಪತ್ತನಾಕು ಅಂದಿದ್ದಿ. ಮೂರು ಎಲ್ಲಿ?"

"ಬಿರುಕು ಬಿಟ್ಟಾವ್ರೀ ಸಾಹೇಬ್ರ. ಏಳು ಕಂಬಕ್ಕ ಸಾಕಾಗ್ತಾವ್ರಿ."

"ಮತ್ತ ಎಂಟನೇದು? ಅದು ಯಾರ ಮನಿ ಮುಂದ ಅದ? ನಾಳೆ ಅವರು ಬಂದು ನನ್ನ ಜೀವ ತಿಂತಾರ."

"ತಿನ್ನಂಗಿಲ್ರಿ. ಅದು ನಮ್ಮದ ರೀ."

ಸಾಹೇಬರು ತಲೆಯೆತ್ತಿದರು. "ಊರಿಗೆಲ್ಲಾ ತಂತಿ ಎಳಿಯಾಂವ, ನಿನ್ನ ಬಾಗಲಾಗ ಕತ್ತಲಿ ಇಟಗೊಂಡಿ ಅನ್ನು" ಎಂದರು. ನಗುತ್ತಲೇ ಅಂದರು, ಆದರೆ ನಗು ಪೂರ್ತಿ ಆಗಲಿಲ್ಲ. ಒಂದು ಪಿಂಗಾಣಿಯನ್ನು ಬೆಳಕಿಗೆ ಹಿಡಿದು ನೋಡಿ, ಉಳಿದ ಇಪ್ಪತ್ತನ್ನು ನೋಡದೆಯೇ ಸಹಿ ಹಾಕಿದರು.

ಸೋಮವಾರ ತಂತಿ ಎಳೆದರು. ಏಳನೆಯ ಕಂಬದಲ್ಲಿ ದೀಪ ಹತ್ತಿತು. ಆ ಮಳೆಗಾಲವೆಲ್ಲ ಅಕ್ಕ ಮತ್ತು ನಾನು ಚಾಪೆ ಸುತ್ತಿಕೊಂಡು ಬಾವಿಯ ಕಟ್ಟೆಗೆ ಹೋಗಿ ಓದಿದೆವು. ನಮ್ಮ ಬಾಗಿಲಿನ ಕಂಬಕ್ಕೆ ದಸರಾ ಕಳೆದ ಮೇಲೆ ಹೊಸ ಪಿಂಗಾಣಿ ಬಂತು. ಮಕ್ಕಳೇ, ನೀವು ರಾಯಚೂರಿನ ಮನೆಯಲ್ಲಿ ಹುಟ್ಟಿದಂದಿನಿಂದ ಗುಂಡಿ ಒತ್ತಿ ದೀಪ ಹಚ್ಚುತ್ತಿದ್ದೀರಿ. ಬಚ್ಚಲಿನ ಬೇಸಿನ್‌ಗೆ ನಲ್ಲಿಯ ತುಕ್ಕು ಇಳಿದರೆ ನಿಮ್ಮಮ್ಮ ಬಾಟಲಿಯಿಂದ ಏನನ್ನೋ ಸುರಿಯುತ್ತಾಳೆ, ಹತ್ತು ನಿಮಿಷದಲ್ಲಿ ಬೆಳ್ಳಗಾಗುತ್ತದೆ. ಒಳ್ಳೆಯದೇ. ನಿಮ್ಮ ಬೆರಳುಗಳು ಉಪ್ಪು ನಿಂಬೆಯಲ್ಲಿ ಉರಿಯಬೇಕೆಂದು ನನಗೇನೂ ಆಸೆಯಿಲ್ಲ. ಆದರೆ ನಿಮ್ಮ ಬೀದಿಯ ಕಂಬವನ್ನು ಒಮ್ಮೆ ತಲೆಯೆತ್ತಿ ನೋಡಿ. ಅಲ್ಲಿ ಮೇಲೆ ಕೂತಿರುವ ಪ್ರತಿಯೊಂದನ್ನೂ ನಿಮಗೆ ಗೊತ್ತಿಲ್ಲದ ಯಾರೋ ಕೈಯಲ್ಲಿ ಹಿಡಿದು ನೋಡಿದ್ದಾರೆ. ತಿಕ್ಕಿದರೂ ಹೋಗದ ಗೆರೆ ಕಂಡರೆ ಅದನ್ನು ಮುಚ್ಚಬೇಡಿ, ಯಾರಿಗಾದರೂ ತೋರಿಸಿ. ನಾನು ಹೇಳುವುದು ಇಷ್ಟೇ.

ಆ ಭಾನುವಾರದ ಒಂದು ಕೆಲಸ ಇನ್ನೂ ಬಾಕಿಯಿದೆ. ಆಫೀಸಿನಿಂದ ಬಂದ ಅಪ್ಪ, ಬದಿಗಿಟ್ಟ ಐದು ಪಿಂಗಾಣಿಗಳನ್ನು ಮನೆಯ ಹಿಂದಕ್ಕೆ ಒಯ್ದ. "ಹಿಂಗ ಬಿಟ್ರ ಯಾರರ ಆರಿಸಿಕೊಂಡು ಹೋಗಿ ಎಲ್ಯರ ಏರಸ್ತಾರ. ಒಡೀಬೇಕು" ಎಂದ. ಚೂರು ಹಾರದಂತೆ ಒಂದೊಂದನ್ನೂ ಗೋಣಿಯಲ್ಲಿ ಸುತ್ತಿ ಕಲ್ಲಿನ ಮೇಲಿಟ್ಟು ಸುತ್ತಿಗೆ ಹೊಡೆದ. ನನ್ನ ಎರಡಕ್ಕೆ ಬಂದಾಗ ಸುತ್ತಿಗೆಯನ್ನು ನನ್ನ ಕೈಗೆ ಕೊಟ್ಟ. ಎರಡೂ ಕೈಯಲ್ಲಿ ಎತ್ತಿ ಹೊಡೆದೆ. ಗೋಣಿ ಬಿಚ್ಚಿದರೆ ಒಳಗೆ ಕೊಬ್ಬರಿಯಂಥ ಬಿಳಿ, ಆ ಬಿಳಿಯ ಆಳದವರೆಗೂ ಒಣಗಿದ ಎಲೆಯಂತೆ ಹರಡಿದ ತುಕ್ಕು. ಹೊರಗೆ ಕಂಡ ಕೂದಲೆಳೆಯ ಹಿಂದೆ ಅಷ್ಟು ದೊಡ್ಡದು ಅಡಗಿತ್ತು. ಅಪ್ಪ ಮೊಣಕಾಲುದ್ದ ಕುಣಿ ತೋಡಿದ. ಚೂರುಗಳನ್ನೆಲ್ಲ ನಾನೇ ಆರಿಸಿ ಹಾಕಿದೆ. ಆರೂಮುಕ್ಕಾಲಿಗೆ ಮಣ್ಣು ಮುಚ್ಚಿ, ಅಪ್ಪ ಒಂದು ಕಡೆಯಿಂದ, ನಾನು ಒಂದು ಕಡೆಯಿಂದ ಕಾಲಲ್ಲಿ ತುಳಿದು ನೆಲ ಸಮ ಮಾಡಿದೆವು.